ರಾಣಿಯ ಕೋಣೆ ನೋಡಿ ಬಂದ ಮೇಲೆ

ಮೇಷ್ಟರಿಗೆ ನಿವೃತ್ತಿ ಎನ್ನುವುದು ಬರೀ ಮಾತು. ಪಾಠ ಕೇಳುವವರಿಗೆ ಬಿಡುಗಡೆಯಾಗುತ್ತದೆ, ಪಾಠ ಮಾಡುವ ಬಾಯಿಗೆ ಆಗುವುದಿಲ್ಲ. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಬದುಕಿಡೀ ಚರಿತ್ರೆ ಹೇಳಿದ ನನಗೆ ಈಗ ಉಳಿದಿರುವ ವಿದ್ಯಾರ್ಥಿನಿ ಒಬ್ಬಳೇ, ನನ್ನ ಹೆಂಡತಿ ವಿಮಲಾ. ಅವಳು ಟಿಸಿ ಕೇಳುವ ಹಾಗಿಲ್ಲ ಎಂಬ ಧೈರ್ಯವೂ ನನಗಿತ್ತು. ಹೋದ ವರ್ಷ ಬಸವೇಶ್ವರನಗರದ ಟ್ರಾವೆಲ್ಸ್ ಒಂದರ ಗುಂಪಿನಲ್ಲಿ ಯುರೋಪಿಗೆ ಹೊರಟಾಗ ತಿಂಗಳುಗಟ್ಟಲೆ ಓದಿ ಸಿದ್ಧನಾದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದರೆ ಎದುರಿಗೆ ಕೂತು ಆಸ್ಟ್ರಿಯಾದ ರಾಜವಂಶದ ಮೂಲ ವಿವರಿಸಿದೆ. ಅವಳು ತಲೆಯೆತ್ತದೆ, ಚಟ್ನಿಪುಡಿಗೆ ಡಬ್ಬ ಒಂದು ಸಾಕಾ ಎರಡು ಬೇಕಾ ಎಂದು ಕೇಳಿದಳು.

ಆಸ್ಟ್ರಿಯಾದ ಅರಮನೆಯೊಂದರ ಬಾಗಿಲಲ್ಲೇ ನನಗೆ ಕೇಡು ಕಾದಿತ್ತು. ಕಿವಿಗೆ ಹಾಕಿಕೊಂಡರೆ ಒಂದೊಂದು ಕೋಣೆಯ ಕಥೆಯನ್ನೂ ಇಂಗ್ಲಿಷಿನಲ್ಲಿ ಹೇಳುವ ಯಂತ್ರವೊಂದನ್ನು ಎಲ್ಲರಿಗೂ ಕೊಟ್ಟರು. ನಾನಿರುವಾಗ ನಿನಗೇಕೆ ಅದು ಎಂದೆ. ಅಷ್ಟರಲ್ಲಿ ಅವಳು ಹಾಕಿಕೊಂಡಾಗಿತ್ತು. ದರ್ಬಾರ್ ಹಾಲಿನಲ್ಲಿ ನಾನು ಮೊದಲ ಮಹಾಯುದ್ಧದ ಕಾರಣಗಳನ್ನು ಶುರುಮಾಡಿದರೆ ಅವಳು ಚಾವಣಿ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಯಾರೋ ಕಾಣದ ಹೆಂಗಸು ಕಿವಿಯಲ್ಲಿ ಹೇಳಿದ್ದಕ್ಕೆ ಆ ನಗು. ನನ್ನ ಮಾತಿಗೆ ಅವಳು ಹಾಗೆ ನಕ್ಕಿದ್ದು ಯಾವಾಗ ಎಂದು ಯೋಚಿಸಿದೆ. ಇಸವಿಗಳೆಲ್ಲ ಬಾಯಿಪಾಠವಿರುವ ನನಗೆ ಅದೊಂದು ನೆನಪಾಗಲಿಲ್ಲ.

ಗುಂಪು ಮುಂದೆ ಹೋದರೂ ವಿಮಲಾ ರಾಣಿಯ ಮಲಗುವ ಕೋಣೆಯ ಮುಂದೆ ನಿಂತೇ ಇದ್ದಳು. ಸಣ್ಣ ಮಂಚ, ಕಿಟಕಿಯ ಪಕ್ಕ ಓದುವ ಮೇಜು, ಆಚೆ ತೋಟ. ಎಲ್ಲರೂ ಹೋದರು ಎಂದು ನಾನು ತೋಳು ಮುಟ್ಟಿದ ಮೇಲೆ ಯಂತ್ರ ತೆಗೆದಳು.

"ರೀ, ರಾಜ ಇಲ್ಲಿಗೆ ಬರಬೇಕಾದ್ರೆ ಹೇಳಿ ಕಳಿಸಬೇಕಿತ್ತಂತೆ," ಎಂದಳು.

ಅದು ರಾಜಮನೆತನಗಳ ಶಿಷ್ಟಾಚಾರ ಎಂದು ನಾನು ಬಿಡಿಸಿ ಹೇಳತೊಡಗಿದೆ. ಅವಳು ಯಂತ್ರವನ್ನು ಮತ್ತೆ ಕಿವಿಗೇರಿಸಿದಳು.

ಊರಿಗೆ ಬಂದ ವಾರವೇ, ನಾಗರಬಾವಿಗೆ ಮದುವೆಯಾಗಿ ಹೋದ ಮಗಳ ಕೋಣೆಯನ್ನು ವಿಮಲಾ ಗುಡಿಸಿ ಒರೆಸಿ ತನ್ನ ಸೀರೆಗಳನ್ನು ಅಲ್ಲಿಗೆ ಸಾಗಿಸಿದಳು. ನನ್ನ ಗೊರಕೆಯಿಂದಲೇ ಎಂದು ಕೇಳಿದೆ.

"ಗೊರಕೆಗೆ ಅಭ್ಯಾಸ ಆಗಿದೆ ರೀ. ನೀವು ಎದ್ದಿರೋವಾಗ ಸುಸ್ತಾಗುತ್ತೆ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ಮಗಳಿಗೆ ಫೋನ್ ಮಾಡಿ ದೂರಿದೆ. ಅಮ್ಮ ಇಷ್ಟು ದಿನ ಹೇಗೆ ತಡ್ಕೊಂಡ್ರೋ ಅಂತ ಅವಳು ನನ್ನನ್ನೇ ಕೇಳಿದಳು. ಪಾರ್ಕಿನಲ್ಲಿ ಸಿಕ್ಕ ಗೆಳೆಯರು ಪ್ರವಾಸ ಹೇಗಿತ್ತು ಎಂದರೆ, ನಮ್ಮ ಮನೆಯವರು ಬಹಳ ಕಲಿತರು ಎಂದು ಹೇಳಿ ಬೇಗ ನಡೆದುಬಿಡುತ್ತೇನೆ.

ಮೊನ್ನೆ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ನಾನೇ ಕಾಫಿ ಬೆರೆಸಿ ಅವಳ ಬಾಗಿಲು ತಟ್ಟಿದೆ. ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತಿದ್ದವಳು ಒಳಗೆ ಕರೆದಳು, ಕುರ್ಚಿ ತೋರಿಸಿದಳು. ಒಂದು ಗುಟುಕು ಕುಡಿದು, "ಚೆನ್ನಾಗಿದೆ ರೀ," ಎಂದು ನಕ್ಕಳು. ನನಗಾಗಿಯೇ ನಕ್ಕ ನಗು ಅದು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ಕಾಫಿ ಮೊದಲು ನಮ್ಮ ನಾಡಿಗೆ ಹೇಗೆ ಬಂತೆಂದರೆ, ಎಂದು ಶುರುಮಾಡಿದೆ.