ಮನೆಯವರನ್ನು ಕರೆದ ಹಾಗೆ

ಎಲ್ಲಕ್ಕೂ ಮೂಲ ‘ಆಗಮಿಸಿ’ ಎಂಬ ಒಂದೇ ಒಂದು ಪದ.

ಬ್ಯಾಂಕಿನ ಟೋಕನ್ ಯಂತ್ರ ದಿನಕ್ಕೆ ಇನ್ನೂರು ಸಲ ಅದನ್ನು ಹೇಳುತ್ತಿತ್ತು. “ಟೋಕನ್ ಸಂಖ್ಯೆ ಹನ್ನೊಂದು, ದಯವಿಟ್ಟು ಎರಡನೇ ಕೌಂಟರಿಗೆ ಆಗಮಿಸಿ.” ನೆಗಡಿಯಾದ ನ್ಯಾಯಾಧೀಶರು ಶಿಕ್ಷೆ ಓದಿದಂತಿತ್ತು ಆ ದನಿ. ಕರೆಸಿಕೊಂಡವರು ತಪ್ಪೊಪ್ಪಿಕೊಳ್ಳುವ ಮುಖ ಮಾಡಿಕೊಂಡು ಏಳುತ್ತಿದ್ದರು.

“ಮನೆಯವರನ್ನ ಕರೆದ ಹಾಗಿರ್ಬೇಕು,” ಎಂದರು ಮ್ಯಾನೇಜರು. “ನಮ್ಮ ಕಂಪ್ಯೂಟರ್ ಮರಿಗೆ ಹೇಳಿ, ಮಾಡ್ತಾಳೆ.”

ಕಂಪ್ಯೂಟರ್ ಮರಿ ಎಂದರೆ ಕಾಲೇಜಿನಿಂದ ಮೂರು ತಿಂಗಳ ತರಬೇತಿಗೆ ಬಂದಿದ್ದ ಇಪ್ಪತ್ತೊಂದರ ಹುಡುಗಿ. ಅಲ್ಲಿಯತನಕ ಅವಳು ಮಾಡಿದ್ದ ತಂತ್ರಜ್ಞಾನದ ಕೆಲಸ ಎರಡೇ: ಪ್ರಿಂಟರನ್ನು ಆರಿಸಿ ಹಚ್ಚುವುದು, ಹೆಡ್ ಕ್ಲಾರ್ಕ್ ಮರೆತ ಪಾಸ್‌ವರ್ಡನ್ನು ಬದಲಿಸಿ ಕೊಡುವುದು. ಈಗ ನಿಜವಾದ ಕೆಲಸ ಸಿಕ್ಕಿತೆಂದು ಒಂದು ವಾರ ಊಟ ನಿದ್ದೆ ಮರೆತು ಕೂತಳು. ಗ್ರಾಹಕರು ಖಾತೆ ಸಂಖ್ಯೆ ಒತ್ತಿ ಟೋಕನ್ ತೆಗೆದ ಕೂಡಲೇ ಯಂತ್ರ ಅವರ ವಯಸ್ಸು ನೋಡಿ, ವಯಸ್ಸಿಗೆ ತಕ್ಕ ಹಾಗೆ ಕರೆಯಬೇಕು. ಇಪ್ಪತ್ತರೊಳಗಿನವರು ಮರಿ, ಮೂವತ್ತೈದರ ತನಕ ತಮ್ಮ, ತಂಗಿ. ಐವತ್ತೈದರ ತನಕ ಅಣ್ಣ, ಅಕ್ಕ. ಅದರಾಚೆ ಅಜ್ಜ, ಅಜ್ಜಿ. ದನಿ ಅವಳದೇ.

“ಹತ್ತರೊಳಗಿನ ಮಕ್ಕಳು?” ಎಂದು ಹೆಡ್ ಕ್ಲಾರ್ಕ್ ಮೂಗು ತೂರಿಸಿದರು. “ಒಂಟಿಯಾಗಿ ಬಂದು ಗುಂಡಿ ಒತ್ತಿ ಆಟ ಆಡ್ತವೆ. ‘ಅಮ್ಮನ್ನ ಕರ್ಕೊಂಡು ಬಾ’ ಅನ್ನಿಸು.”

ಅದನ್ನೂ ಸೇರಿಸಿದಳು.

ಯಂತ್ರದ ಹೊಸ ದನಿ ಶುರುವಾದದ್ದು ಅವಳ ತರಬೇತಿಯ ಕೊನೆಯ ದಿನ. ಆ ಸಂಜೆ ನಾಲ್ಕರೊಳಗೆ ಮ್ಯಾನೇಜರು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಐದರೊಳಗೆ ಅದು ಕಾಲೇಜಿಗೆ ಮುಟ್ಟಬೇಕು. ತಪ್ಪಿದರೆ ಮೂರು ತಿಂಗಳು ಮತ್ತೆ ಮೊದಲಿಂದ. ನಾಲ್ಕಕ್ಕೆ ಮ್ಯಾನೇಜರು ಹದಿನೈದು ದಿನದ ರಜೆಗೆ ಹೊರಡುವವರಿದ್ದರು.

ಹತ್ತೂವರೆಗೆ ಯಂತ್ರ ಬಾಯಿಬಿಟ್ಟಿತು. “ಟೋಕನ್ ಹದಿನೇಳು. ಅಜ್ಜೀ, ಮೂರನೇ ಕೌಂಟರಿಗೆ ಬನ್ನಿ.”

ಯಾರೂ ಏಳಲಿಲ್ಲ. ಯಾರಾದರೂ ಎದ್ದು ಬರುವ ತನಕ ಯಂತ್ರ ಬಿಡುವುದಿಲ್ಲ. “ಅಜ್ಜೀ, ಬನ್ನಿ.” ಜನ ಆಚೀಚೆ ನೋಡಿದರು. “ಅಜ್ಜೀ!”

ಕೊನೆಗೆ ಎದ್ದದ್ದು ನೃತ್ಯದ ಮೇಷ್ಟ್ರಮ್ಮ. ಐವತ್ತಾರು ವಯಸ್ಸು, ಕೂದಲು ಕಾಡಿಗೆಯಷ್ಟು ಕಪ್ಪು. “ಯಾರಿಗೆ ಅಜ್ಜಿ? ನನಗಿನ್ನೂ ಮದುವೇನೇ ಆಗಿಲ್ಲ!”

ಆ ಬೆಂಕಿ ಆರುವ ಮೊದಲೇ, “ಟೋಕನ್ ಹದಿನೆಂಟು. ಅಜ್ಜಾ, ಬನ್ನಿ.”

ಹದಿನೆಂಟು ಎಂದರೆ ಎದುರು ಬೀದಿಯ ದರ್ಜಿ. ಪಕ್ಕದಲ್ಲಿ ಅವನು ಮದುವೆಯಾಗಬೇಕೆಂದಿದ್ದ ಹೆಣ್ಣು, ಆ ಕಡೆ ಅವಳ ಅಣ್ಣ. ಅವನು ಚೀಟಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ತಡವಾಗಿತ್ತು.

“ನಲವತ್ತೈದು ಅಂದ್ರಿ?” ಎಂದಿತು ಹೆಣ್ಣು.

“ಯಂತ್ರ ಕೆಟ್ಟಿದೆ ಕಣೇ,” ಎಂದ ದರ್ಜಿ, ಚೀಟಿ ನುಂಗುತ್ತಾ.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ ಮೇಜಿನ ಮೇಲೆ ಒಂಬತ್ತು ದೂರು. “ಮರೀ, ಸಂಜೆಯೊಳಗೆ ಇವರೆಲ್ಲಾ ನಗ್ತಾ ಮನೆಗೆ ಹೋಗ್ಬೇಕು. ಇಲ್ಲಾಂದ್ರೆ ಸಹಿ ಮರೆತುಬಿಡು.”

ಹುಡುಗಿ ಅಳುಮುಖ ಹೊತ್ತು ಯಂತ್ರದ ಮುಂದೆ ಕೂತಳು. “ಎಲ್ಲರ ವಯಸ್ಸಲ್ಲೂ ಹತ್ತು ಕಳೀಲಾ?”

“ಹತ್ತು ಯಾವ ಮೂಲೆಗೆ?” ಎಂದರು ಹೆಡ್ ಕ್ಲಾರ್ಕ್. “ಕಳೆಯೋದೇ ಆದ್ರೆ ಧಾರಾಳವಾಗಿ ಕಳಿ. ಇಪ್ಪತ್ತು!”

ಇಪ್ಪತ್ತು ಕಳೆದಳು. ಮಧ್ಯಾಹ್ನ ಬರುವವರೆಲ್ಲ ತಲೆ ನೆರೆತವರೇ. ಎಪ್ಪತ್ತರ ಮುದುಕ “ಅಣ್ಣಾ” ಎನ್ನಿಸಿಕೊಂಡು ಊರುಗೋಲನ್ನು ಕಂಕುಳಲ್ಲಿಟ್ಟು ನಡೆದ. ಮೇಷ್ಟ್ರಮ್ಮ ಮತ್ತೆ ಬಂದು “ಅಕ್ಕಾ” ಕೇಳಿ, ಕೌಂಟರಿನಲ್ಲಿ ಕೆಲಸವೇ ಇಲ್ಲದೆ ನಕ್ಕು ಹೋದರು. ದರ್ಜಿ ಹೆಣ್ಣನ್ನೂ ಅವಳ ಅಣ್ಣನನ್ನೂ ಎಳೆದು ತಂದು ಕೇಳಿಸಿದ. ಮೂರು ಗಂಟೆಗೆ ಸಾಲು ಬೀದಿಗಿಳಿದಿತ್ತು.

ಮ್ಯಾನೇಜರಿಗೆ ಆನಂದಬಾಷ್ಪ. “ಇನ್ನು ಇದನ್ನ ಯಾರೂ ಮುಟ್ಟಕೂಡದು. ನೀನೂ!” ಎಂದು ಯಂತ್ರದ ಪಾಸ್‌ವರ್ಡ್ ಬರೆಸಿಕೊಂಡು, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಭದ್ರಕೋಣೆಯಲ್ಲಿಟ್ಟು ಬೀಗ ಜಡಿದರು. ಆ ಬಾಗಿಲು ಮತ್ತೆ ತೆರೆಯುವುದು ಮರುದಿನ ಬೆಳಿಗ್ಗೆಯೇ. “ಟೋಕನ್ ತಗೊಂಡು ಬಾಮ್ಮಾ, ಸಹಿ ಹಾಕ್ಕೊಡ್ತೀನಿ,” ಎಂದು ಕೋಣೆ ಸೇರಿಕೊಂಡು ಮುಖ್ಯ ಕಚೇರಿಗೆ ಫೋನು ಹಚ್ಚಿದರು.

ಟೋಕನ್ ಇಲ್ಲದೆ ಆ ಕೋಣೆಗೆ ಯಾರನ್ನೂ ಬಿಡುವಂತಿರಲಿಲ್ಲ. ಅದು ಅವರದೇ ಕಟ್ಟಪ್ಪಣೆ. ಬಾಗಿಲಲ್ಲಿ ಕಾವಲುಗಾರ. ಹಿಂದೆ ಸೈನ್ಯದಲ್ಲಿದ್ದ ಆಸಾಮಿ, ಅಪ್ಪಣೆಯ ಹೊರತು ಆಕಳಿಸುವವನೂ ಅಲ್ಲ.

ಹುಡುಗಿ ಹಾಡು ಗುನುಗುತ್ತಾ ತನ್ನ ಖಾತೆ ಸಂಖ್ಯೆ ಒತ್ತಿದಳು. ಮೂರೂ ಹತ್ತಕ್ಕೆ ಅವಳದೇ ದನಿ ಅವಳನ್ನು ಕರೆಯಿತು:

“ಟೋಕನ್ ತೊಂಬತ್ತೊಂದು. ಪುಟ್ಟಾ, ಅಮ್ಮನ್ನ ಕರ್ಕೊಂಡು ಬಾ.”

ಇಪ್ಪತ್ತೊಂದರಲ್ಲಿ ಇಪ್ಪತ್ತು ಹೋದರೆ ಒಂದು. ಲೆಕ್ಕ ಸರಿಯಾಗಿಯೇ ಇತ್ತು.

“ಮಾಮಾ, ನಾನು ಮಾಮಾ! ದಿನಾ ನೋಡ್ತೀರಲ್ಲಾ!”

“ನೋಡ್ತೀನಿ ಪುಟ್ಟಾ,” ಎಂದ ಕಾವಲುಗಾರ. “ಅಮ್ಮ ಎಲ್ಲಿ?”

“ಈ ಕಾಗದ ಆದ್ರೂ ಒಳಗೆ ಕೊಡಿ.”

“ಕಾಗದಕ್ಕೆ ಟೋಕನ್ ಇದೆಯಾ?”

ಅಮ್ಮನಿಗೆ ಫೋನು ಹೋಯಿತು. ಒಲೆ ಆರಿಸಿ, ಆಟೋ ಹಿಡಿದು, ಹಿಟ್ಟಾದ ಕೈಯಲ್ಲೇ ಅಮ್ಮ ಬಂದಿಳಿದಾಗ ಮೂರೂ ಮುಕ್ಕಾಲು. “ಏನೇ ಇದು, ಡಿಗ್ರಿ ಓದೋಳಿಗೆ ಇನ್ನೂ ಅಮ್ಮ ಬೇಕಾ?” ಎಂದು ಗದರುತ್ತಲೇ ತಮ್ಮ ಖಾತೆ ಸಂಖ್ಯೆ ಒತ್ತಿದರು. ಅಮ್ಮನಿಗೆ ನಲವತ್ತೈದು. ಮೂರೂ ಐವತ್ತೈದಕ್ಕೆ ಯಂತ್ರ ಕರೆಯಿತು.

“ಟೋಕನ್ ನೂರಾ ನಾಲ್ಕು. ತಂಗೀ, ಮ್ಯಾನೇಜರ ಕೋಣೆಗೆ ಬಾಮ್ಮಾ.”

ಅಮ್ಮ ಗಕ್ಕನೆ ನಿಂತರು. ಹಿಟ್ಟಿನ ಕೈ ತಂತಾನೆ ಮುಂಗುರುಳಿಗೆ ಹೋಯಿತು.

ಕಾವಲುಗಾರ ಅಮ್ಮನನ್ನು ನೋಡಿದ, ಮಗಳನ್ನು ನೋಡಿದ, ತಲೆಯಾಡಿಸಿದ. “ಯಂತ್ರ ತಂಗಿ ಅಂತಿದೆ. ತಂಗಿ ಒಬ್ಬರೇ ಹೋಗ್ಬಹುದು. ಪುಟ್ಟನ್ನ ಬಿಡ್ಬೇಕಂದ್ರೆ ಅಮ್ಮ ಬೇಕು. ನೀವು ಈ ಮಗುಗೆ ಅಮ್ಮನಾ?”

ಹಜಾರದ ಅಷ್ಟೂ ಜನ ತಿರುಗಿ ನೋಡಿದರು. ಮತ್ತೊಂದು “ಅಕ್ಕಾ” ಕೇಳಲು ಬಂದು ಕೂತಿದ್ದ ಮೇಷ್ಟ್ರಮ್ಮ ಕಣ್ಣು ಮಿಟುಕಿಸಿದರು. ಗಡಿಯಾರದ ಮುಳ್ಳು ಹನ್ನೆರಡನ್ನು ಮುಟ್ಟಲು ನಾಲ್ಕೇ ನಿಮಿಷ.

“ಹೇಳಮ್ಮಾ!” ಎಂದು ಕಿರುಚಿದಳು ಹುಡುಗಿ.

ಅಮ್ಮ ನಾಚಿ, ಸೆರಗು ಸರಿಮಾಡಿಕೊಂಡರು.

“ಅಮ್ಮ ಅಲ್ಲಪ್ಪಾ,” ಎಂದರು. “ನಾನು ಇವಳ ಅಕ್ಕ.”