ನಾನು ಕುಯ್ದ ಹಸೆಮಣೆ

"ನಾದಿನಿ ಮದುವೆಯ ಹಸೆಮಣೆ ಈ ಕೈಯಿಂದಲೇ ಆಗಬೇಕು! ಬಡಗಿಯ ಹೆಸರೆತ್ತಿದರೆ ನಾನು ಮದುವೆಗೇ ಬರುವುದಿಲ್ಲ!"

ಹೀಗೆಂದು ಮಾವನವರ ಮುಂದೆ ಘರ್ಜಿಸಿದವನು ಸಾಕ್ಷಾತ್ ನಾನೇ. ಕಾರಣವಿತ್ತು. ಉರಿಗಾಂ ಕಡೆಯ ಗಣಿಗಳಿಗೆ ಆಸರೆ ದಿಮ್ಮಿ ಕುಯ್ದು ಕಳಿಸುವ ನಮ್ಮ ಬೌರಿಂಗ್‌ಪೇಟೆ ಮಿಲ್ಲಿಗೆ ಆ ವರ್ಷ ಪಟ್ಟಿ ಗರಗಸ ಬಂದಿತ್ತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿ, ಅದರ ಮುಂದೆ ನಾನು! ಮಾವ ವರ್ಷಗಟ್ಟಲೆ ಜೋಪಾನ ಮಾಡಿದ್ದ ಹಲಸಿನ ಹಲಗೆಯನ್ನು ಕೊಟ್ಟೇ ಬಿಟ್ಟರು.

"ಇರೋದು ಒಂದೇ ಅಲಗೆ ಕಣ್ರೀ," ಎಂದಳು ನನ್ನಾಕೆ ಆದಿಲಕ್ಷ್ಮಮ್ಮ. "ಕೆಟ್ರೆ ತವರಲ್ಲಿ ನಾನು ತಲೆ ಎತ್ಕೊಂಡು ಓಡಾಡಂಗಿಲ್ಲ."

"ನೇರ ಅಂದರೆ ಏನೆಂದು ನಿಮ್ಮೂರಿಗೇ ತೋರಿಸ್ತೀನಿ, ನೋಡ್ತಿರು!"

ಭಾನುವಾರ ಮಿಲ್ಲು ಖಾಲಿ. ನಾನು, ಜೊತೆಗಾರ ಆರುಮುಗಂ, ಇಬ್ಬರೇ. ಮೊದಲು ಬೇಡದ ತುಂಡೊಂದನ್ನು ಕೊಟ್ಟು ನೋಡಿದೆವು. ನನ್ನ ಗೀಟು ಬಲಕ್ಕೆ, ಗರಗಸ ಎಡಕ್ಕೆ!

"ಅಣ್ಣೋ, ಪಟ್ಟಿ ಸಡಿಲ ಐತೆ," ಎಂದ ಆರುಮುಗಂ.

ಬಿಗಿ ಮಾಡಿದೆ. ಈಗ ಬಲಕ್ಕೆ ಹೋಯಿತು! ಮೇಲಿನ ಚಕ್ರವನ್ನು ಕೊಂಚ ವಾಲಿಸಿದೆ. ಪಟ್ಟಿ ಫಟಾರನೆ ಹಾರಿ ನೆಲದ ಮೇಲೆ ಕುಣಿಯತೊಡಗಿತು. ಗಂಡಸರಿಬ್ಬರೂ ದಿಮ್ಮಿಯ ಹಿಂದೆ! ಅದು ಸುಮ್ಮನಾದ ಮೇಲೆ ಹಲ್ಲು ಕಚ್ಚಿಕೊಂಡು ಮತ್ತೆ ಏರಿಸಿದೆ. ಮರ ಸೀದು ಹೊಗೆ ಬಂತೇ ಹೊರತು ಹೊಟ್ಟು ಬೀಳಲಿಲ್ಲ.

"ಅಣ್ಣೋ, ಅಲ್ಲು ಮೇಲಕ್ಕೆ ನೋಡ್ತಾವೆ!"

ಪಟ್ಟಿಯನ್ನು ಒಳಹೊರಗು ಮಾಡಿ ಹಾಕಿದ್ದೆ. ಗರಗಸ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು! ತಿರುಗಿಸಿ ಹಾಕಿ, ಪಟ್ಟಿಯನ್ನು ಅಕ್ಕಪಕ್ಕ ಹಿಡಿಯುವ ಗೈಡುಗಳನ್ನು ಹತ್ತಿರ ತಂದು ಕುಯ್ದರೆ, ಆಹಾ, ನೇರ! ಅದೇ ಉಮೇದಿನಲ್ಲಿ ಮಾವನ ಹಲಗೆ ಕೊಟ್ಟೆ. ಗೈಡಿನ ಸ್ಕ್ರೂ ಬಿಗಿಯಲು ಮರೆತದ್ದು ಕುಯ್ದ ಮೇಲೆ ನೆನಪಾಯಿತು. ಗಂಡಿಗೊಂದು, ಹೆಣ್ಣಿಗೊಂದು, ಎರಡು ಮಣೆಯೂ ಹಿಂದೆ ಅಗಲ, ಮುಂದೆ ಕಿರಿದು! ನಿಜಕ್ಕೂ ಅಳು ಬಂತು. ಕೆಮ್ಮಣ್ಣು ಬಳಿದು, ದೇವರ ಮೇಲೆ ಭಾರ ಹಾಕಿ, ಹಾಗೆಯೇ ಒಪ್ಪಿಸಿದೆ.

ಮದುವೆ ದಿನ ಮಣೆಗಳನ್ನು ಅಂಚಿಗೆ ಅಂಚು ಒತ್ತಿ ಜೋಡಿಸಿದರು. ಕೂತ ಗಂಡು ಹೆಣ್ಣು ಒಬ್ಬರ ಕಡೆಗೊಬ್ಬರು ತಿರುಗಿ ಮುಖಾಮುಖಿ!

"ಎದುರಿಗೆ ನೋಡಪ್ಪಾ!" ಎಂದರು ಪುರೋಹಿತರು.

"ಎದುರಿಗೇ ನೋಡ್ತಾ ಇವ್ನಿ ಸ್ವಾಮಿ!" ಎಂದ ಮದುಮಗ, ನಾದಿನಿಯಿಂದ ಕಣ್ಣು ಕೀಳದೆ.

ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ಕಂಬದ ಮರೆಯಲ್ಲಿದ್ದ ನನ್ನನ್ನು ಮಾವ ಎಳೆದು ತಂದು ಬೆನ್ನು ತಟ್ಟಿದರು. "ಏನ್ ತಲೆ ಅಳಿಯಂದ್ರೇ ನಿಮ್ದು! ಬೇಕಂತ್ಲೇ ಇಂಗೆ ಕುಯ್ದ್ರಾ?"

ನಾನು ಮೀಸೆ ತಿರುವಿ, "ಮತ್ತೆ? ಲೆಕ್ಕ ಹಾಕಿಯೇ ಕುಯ್ದದ್ದು!" ಎಂದೆ.

ಪಕ್ಕದಲ್ಲಿದ್ದ ಆದಿಲಕ್ಷ್ಮಮ್ಮ ನಿಟ್ಟುಸಿರು ಬಿಟ್ಟಳು.

"ನಮ್ ಮದ್ವೆ ಅಸೆಮಣೆ ಕುಯ್ದೋನು ಭಾರಿ ನೇರವಾಗಿ ಕುಯ್ದಿದ್ದ ಕಣಪ್ಪಾ. ಅದ್ಕೇ ಇವ್ರು ಇವತ್ತಿಗೂ ನನ್ ಕಡೆ ತಿರುಗಿ ನೋಡಿಲ್ಲ!"