ಸಂವಿಧಾನದ ನಡುವೆ ಫಿರಂಗಿ

ಬೈಂಡರ್ ಮಾಡಿದ್ದು ಸಣ್ಣ ತಪ್ಪು. ಪುಸ್ತಕದ ಮೊದಲರ್ಧ ದೇಶದ ಸಂವಿಧಾನ ಹುಟ್ಟಿದ ಕತೆ, ಉಳಿದರ್ಧ ಅದೇ ದೇಶದ ಅಂತರ್ಯುದ್ಧದ ಕತೆ. ಅವನು ಎರಡರ ಹಾಳೆಗಳನ್ನೂ ಇಸ್ಪೀಟಿನ ಎಲೆಗಳ ಹಾಗೆ ಕಲಸಿ ಅಂಟು ಹಾಕಿಬಿಟ್ಟಿದ್ದ.

ಬಿಡುಗಡೆಯ ದಿನ ಬೆಳಿಗ್ಗೆ ಅದು ಕರಡಣ್ಣನ ಕಣ್ಣಿಗೆ ಬಿತ್ತು. ಕರಡು ತಿದ್ದೀ ತಿದ್ದೀ ಪ್ರಕಾಶನದಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರೇ ಹಾಗಾಗಿತ್ತು. ಒಂದು ಪುಟದಲ್ಲಿ ಸಭೆಯ ಅಧ್ಯಕ್ಷರು ನೀರು ಕುಡಿಯಲು ಎದ್ದಿದ್ದರು. ಪುಟ ತಿರುವಿದರೆ ಅವರ ಮೊಮ್ಮಗನ ತೊಡೆಗೆ ಗುಂಡು ಬಿದ್ದಿತ್ತು. ಕರಡಣ್ಣನ ಎದೆ ಎಣ್ಣೆ ಕಾಣದ ಮಿಷಿನ್ನಿನ ಹಾಗೆ ಸದ್ದು ಮಾಡತೊಡಗಿತು. ಮಾದರಿ ಪ್ರತಿಯ ರಟ್ಟನ್ನಷ್ಟೇ ನೋಡಿ ಸರಿಯಿದೆ ಅಂದವನು ಅವನೇ. ಹಿಂದಿನ ಪುಸ್ತಕದಲ್ಲಿ ಲೇಖಕರ ಹೆಸರೇ ತಪ್ಪಾಗಿ ಅಚ್ಚಾದಾಗ, ಇನ್ನೊಂದು ತಪ್ಪಾದರೆ ಕೆಲಸವಿಲ್ಲ ಅಂತ ಪ್ರಕಾಶನದ ಯಜಮಾನರು ಹೇಳಿದ್ದರು. ಈ ವಯಸ್ಸಿನಲ್ಲಿ ಅವನನ್ನು ಬೇರೆ ಯಾರು ಕರೆಯುತ್ತಾರೆ?

ಬೈಂಡರನ ಕೈಕಾಲು ಹಿಡಿದ. ಸಂಜೆಯೊಳಗೆ ಎಲ್ಲ ಪ್ರತಿ ಕಿತ್ತು ಮತ್ತೆ ಕಟ್ಟಬೇಕು, ಯಾರಿಗೂ ತಿಳಿಯಬಾರದು. ಯಾರಿಗೂ ತಿಳಿಯಬಾರದಾದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಯಜಮಾನರೊಬ್ಬರನ್ನು ಬಿಟ್ಟು ಎಲ್ಲರಿಗೂ ತಿಳಿಯಿತು. ಕ್ಯಾಷಿಯರ್ ಅಕ್ಕ ಬಂದು, ತಾನಾಗಿದ್ದರೆ ನಿನ್ನೆಯೇ ನೋಡಿರುತ್ತಿದ್ದೆ ಅಂದರು. ಯಜಮಾನರ ಬಾಮೈದ ಸಹಾಯಕ್ಕೆಂದು ಅಂಗಿಯ ತೋಳು ಮಡಚಿ, ಸೆಕೆಯೆಂದು ಫ್ಯಾನ್ ಹಾಕಿದ. ಬಿಡಿಸಿಟ್ಟ ಹಾಳೆಗಳೆಲ್ಲ ಪಾರಿವಾಳಗಳ ಹಾಗೆ ಎದ್ದವು. ಪ್ರಜೆಗಳ ಹಕ್ಕುಗಳು ಗೋಂದಿನ ಬಕೆಟ್ಟಿಗೆ ಬಿದ್ದವು. ಒಂದು ಇಡೀ ದಂಡು ಬೀರುವಿನ ಅಡಿ ಅಡಗಿತು.

ಕರಡಣ್ಣ ನೆಲದ ಮೇಲೆ ತೆವಳುತ್ತ, "ನಾನೂ ಆ ಯುದ್ಧದಲ್ಲೇ ಸತ್ತಿದ್ರೆ ಚೆನ್ನಾಗಿತ್ತು" ಅಂದ.

"ಮೊದ್ಲು ಪುಟ ಜೋಡ್ಸಣ್ಣ, ಆಮೇಲೆ ಸಾಯುವಂತೆ" ಅಂದ ಬೈಂಡರ್.

ಊಟ, ನೀರು ಎರಡನ್ನೂ ಮರೆತು ದುಡಿದರು. ಸಂಜೆ, ಅಂಟು ಇನ್ನೂ ಹಸಿಯಿದ್ದ ಪುಸ್ತಕಗಳನ್ನು ಕರಡಣ್ಣ ಸಭಾಂಗಣದ ಕುರ್ಚಿಗಳ ಮೇಲೆ ತಾನೇ ಇಟ್ಟುಬಂದ. ಮೊದಲು ಸಂವಿಧಾನ, ಆಮೇಲೆ ಯುದ್ಧ. ಹಿಂದಿನ ಸಾಲಿನಲ್ಲಿ ಕುಸಿದು ಕೂತ.

ಆಗ ಪುಸ್ತಕದ ಬಗ್ಗೆ ಮಾತಾಡಲು ಬಂದಿದ್ದ ವಿಮರ್ಶಕರು ಎದ್ದರು. ಯಜಮಾನರು ಅವರಿಗೆ ಮೊದಲೇ ಒಂದು ಪ್ರತಿ ಕಳಿಸಿದ್ದರೆಂಬುದು ಕರಡಣ್ಣನಿಗೆ ತಿಳಿದದ್ದೇ ಆ ಹೊತ್ತಿಗೆ.

"ಇಂಥ ಪುಸ್ತಕ ಅಂದ್ರೆ ನನಗೆ ನಿದ್ದೆ ಬರ್ತಿತ್ತು," ಅಂದರು ಅವರು. "ಇದರಲ್ಲಿ ಮಾತ್ರ, ಈ ಪುಟದಲ್ಲಿ ಒಂದು ಮಾತಿಗೆ ಸಹಿ ಬಿದ್ರೆ ಮುಂದಿನ ಪುಟದಲ್ಲಿ ಅದಕ್ಕೆ ರಕ್ತ ಹರಿಯುತ್ತೆ. ಇತಿಹಾಸವನ್ನ ಹೀಗೆ ಹೆಣೆದವರನ್ನ ನಾನು ಕಂಡಿಲ್ಲ."

ಕಟ್ಟಿದ ಪ್ರತಿಯನ್ನು ಇನ್ನೂ ನೋಡಿಯೇ ಇರದ ಲೇಖಕ ಮೇಷ್ಟ್ರು ಒಂದು ಗಳಿಗೆ ಕಣ್ಣು ಮಿಟುಕಿಸಿದರು. ಆಮೇಲೆ ಎದ್ದು ನಿಂತು, ಹಾಗೆ ಹೆಣೆಯುವುದಕ್ಕೇ ತಮ್ಮ ಅರ್ಧ ಆಯುಸ್ಸು ಹೋಯಿತು ಅಂದರು. ಚಪ್ಪಾಳೆ ಬಿತ್ತು. ಜನ ಪುಸ್ತಕ ತೆರೆದರು, ತಿರುವಿದರು, ಹಿಂದೆ ಮುಂದೆ ಹುಡುಕಿದರು. ವಿಮರ್ಶಕರು ಹೇಳಿದ ಹೆಣಿಗೆ ಎಲ್ಲೂ ಸಿಗಲಿಲ್ಲ. ಯಜಮಾನರು ಕ್ಯಾಷಿಯರ್ ಅಕ್ಕನನ್ನು ನೋಡಿದರು. ಅಕ್ಕ ಕರಡಣ್ಣನನ್ನು ನೋಡಿದರು.

"ಮೇಷ್ಟ್ರ ಕೆಲಸವನ್ನ ಯಾರನ್ನೂ ಕೇಳ್ದೆ ತಿದ್ದಿದ್ರಾ?" ಅಂದರು ಯಜಮಾನರು. "ನಾಳೆ ಎಲ್ಲಾ ಪ್ರತೀನೂ ಮೊದಲಿದ್ದ ಹಾಗೇ ಆಗ್ಬೇಕು. ಇಲ್ದಿದ್ರೆ ಇತ್ತ ಬರ್ಲೇಬೇಡಿ."

ಕರಡಣ್ಣ, ಕೀಳದೆ ಉಳಿದ ಆ ಒಂದೇ ಪ್ರತಿಗಾಗಿ ವಿಮರ್ಶಕರ ಹತ್ತಿರ ಓಡಿದ. ಅವರು ತಮ್ಮ ಪ್ರತಿಯನ್ನು, ಓದಲೇಬೇಕು ಅಂತ, ಬರುವಾಗ ರೈಲಿನಲ್ಲಿ ಯಾರೋ ಸಹಪ್ರಯಾಣಿಕರಿಗೆ ಕೊಟ್ಟುಬಿಟ್ಟಿದ್ದರು.

ಬಾಗಿಲ ಬಳಿ ಬೈಂಡರ್ ನಿಂತಿದ್ದ. ಕರಡಣ್ಣ ಅವನ ಅಂಗಿ ಹಿಡಿದುಕೊಂಡ. "ಯಾವ ಪುಟ ಆದ್ಮೇಲೆ ಯಾವ್ದಿತ್ತು, ಹೇಳಪ್ಪ. ನೀನೇ ತಾನೆ ಕಟ್ಟಿದ್ದು?"

"ನೋಡ್ಕೊಂಡು ಕಟ್ಟಿದ್ರೆ," ಅಂದ ಬೈಂಡರ್, "ಅದು ಹಾಗ್ಯಾಕಣ್ಣ ಆಗ್ತಿತ್ತು?"